ಕ್ಲಾಸ್‌ನಲ್ಲಿ ‘ದಿ ವೈರ್’: ಪದೇ ಪದೇ ಕೇಳುವ ಪ್ರಶ್ನೆಗಳು

‘ದಿ ವೈರ್’ ಅನ್ನುವ ಅಮೆರಿಕದ ಟಿವಿ ಸೀರೀಸ್ ಇಟ್ಟುಕೊಂಡು ನಾನು ಕಾಲೇಜಿನಲ್ಲಿ ಒಂದು ಪೇಪರ್ ಪಾಠ ಮಾಡುತ್ತೇನೆ. ಪ್ರತಿ ಸಲ ಅದು ಶುರುವಾಗುವ ಮುಂಚೆ ಇದೇ ಪ್ರಶ್ನೆಗಳು ಬರುತ್ತವೆ. ಕೆಲವರು ಮೇಲ್ ಮಾಡುತ್ತಾರೆ, ಕೆಲವರು ಕಾರಿಡಾರ್‌ನಲ್ಲಿ ನಿಲ್ಲಿಸಿ ಕೇಳುತ್ತಾರೆ, ಇನ್ನು ಕೆಲವರು ಅರ್ಧ ಸೆಮಿಸ್ಟರ್ ಮುಗಿದ ಮೇಲೆ ಕೇಳುತ್ತಾರೆ. ಅದಕ್ಕೇ ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ. ಕಥೆಯ ಕೊನೆಗೆ ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ ಅನ್ನುವುದನ್ನು ಎಲ್ಲೂ ಹೇಳಿಲ್ಲ. ಧೈರ್ಯವಾಗಿ ಓದಿ.

ಕಾಲೇಜಲ್ಲಿ ಪೊಲೀಸ್ ಸೀರೀಸ್ ನೋಡೋದಾ? ಇದೂ ಒಂದು ಪಾಠನಾ?

ಹೌದು, ಪಾಠವೇ.

‘ದಿ ವೈರ್’ 2002ರ ಜೂನ್‌ನಿಂದ 2008ರ ಮಾರ್ಚ್‌ವರೆಗೆ ಅಮೆರಿಕದ ಎಚ್‌ಬಿಒ ಚಾನೆಲ್‌ನಲ್ಲಿ ಬಂತು. 5 ಸೀಸನ್, 60 ಕಂತು. ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ನಗರದ ಕಥೆ. ಮೊದಲ ಸೀಸನ್ ಡ್ರಗ್ಸ್ ಮಾರುವವರು ಮತ್ತು ಅವರ ಬೆನ್ನು ಹತ್ತಿದ ಪೊಲೀಸರದ್ದು. ಎರಡನೆಯದು ಬಂದರಿನ ಕಾರ್ಮಿಕರ ಯೂನಿಯನ್. ಮೂರನೆಯದಕ್ಕೆ ನಗರದ ರಾಜಕೀಯ ಸೇರಿಕೊಳ್ಳುತ್ತದೆ, ನಾಲ್ಕನೆಯದಕ್ಕೆ ಸರ್ಕಾರಿ ಶಾಲೆ, ಐದನೆಯದಕ್ಕೆ ಪತ್ರಿಕಾ ಕಚೇರಿ. ಐದು ಸೀಸನ್ ಮುಗಿಯುವಷ್ಟರಲ್ಲಿ ಒಂದು ಇಡೀ ಊರು ನಿಮ್ಮ ತಲೆಯಲ್ಲಿ ಕೂತಿರುತ್ತದೆ.

2010ರಲ್ಲಿ ಹಾರ್ವರ್ಡ್‌ನಲ್ಲಿ ಸಮಾಜಶಾಸ್ತ್ರಜ್ಞ ವಿಲಿಯಂ ಜೂಲಿಯಸ್ ವಿಲ್ಸನ್ ನಗರಗಳ ಅಸಮಾನತೆ ಬಗ್ಗೆ ಪಾಠ ಮಾಡಲು ಇದನ್ನೇ ಆರಿಸಿಕೊಂಡರು. ಅವರು ಬಡತನ ಮತ್ತು ನಿರುದ್ಯೋಗದ ಮೇಲೆ ದಶಕಗಟ್ಟಲೆ ಕೆಲಸ ಮಾಡಿದವರು, ಸುಮ್ನೆ ಮಜಾ ಇರಲಿ ಅಂತ ಆರಿಸಿದ್ದಲ್ಲ. ಬೇರೆ ವಿಶ್ವವಿದ್ಯಾಲಯಗಳಲ್ಲಿ ಸಿನಿಮಾ, ಕಾನೂನು, ಸಾಹಿತ್ಯ ವಿಭಾಗದವರೂ ಪಾಠ ಮಾಡಿದ್ದಾರೆ. ಕಾರಣ ಸರಳ. ಒಂದು ಸಂಶೋಧನಾ ಲೇಖನ ಶಾಲೆಯನ್ನು ಬೇರೆ ಮಾಡಿ ನೋಡುತ್ತದೆ, ಪೊಲೀಸರನ್ನು ಬೇರೆ, ಉದ್ಯೋಗವನ್ನು ಬೇರೆ. ಇಲ್ಲಿ ಒಬ್ಬ ಹುಡುಗ ಬೆಳಿಗ್ಗೆ ಎದ್ದು ರಾತ್ರಿ ಮಲಗುವಷ್ಟರಲ್ಲಿ ಆ ಮೂರರ ಮಧ್ಯೆಯೂ ಹಾದು ಹೋಗುತ್ತಾನೆ, ಒಂದು ಇನ್ನೊಂದರ ಮೇಲೆ ಹೇಗೆ ಬೀಳುತ್ತದೆ ಅನ್ನುವುದು ನಿಮ್ಮ ಕಣ್ಣೆದುರೇ ನಡೆಯುತ್ತದೆ.

ಬರೆದವರಿಗೆ ಇದೆಲ್ಲ ಹೇಗೆ ಗೊತ್ತು?

ಸೀರೀಸ್ ರೂಪಿಸಿದ ಡೇವಿಡ್ ಸೈಮನ್ ಬಾಲ್ಟಿಮೋರ್ ಸನ್ ಪತ್ರಿಕೆಯಲ್ಲಿ ಕ್ರೈಂ ವರದಿಗಾರರಾಗಿದ್ದವರು. 1982ರಿಂದ 1995ರವರೆಗೆ ಅಲ್ಲಿದ್ದರು. 1988ರಲ್ಲಿ ಒಂದು ವರ್ಷ ಕೊಲೆ ತನಿಖಾ ವಿಭಾಗದ ಜೊತೆಯಲ್ಲೇ ಓಡಾಡಿದರು. ಜೊತೆಗಾರ ಎಡ್ ಬರ್ನ್ಸ್ 20 ವರ್ಷ ಅದೇ ಊರಿನ ಪೊಲೀಸ್. ನಿವೃತ್ತಿಯಾದ ಮೇಲೆ ಅಲ್ಲೇ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರಾದರು. ನಾಲ್ಕನೇ ಸೀಸನ್ ನೋಡುವಾಗ ಇದನ್ನು ನೆನಪಿಟ್ಟುಕೊಳ್ಳಿ. ಕ್ಲಾಸ್‌ರೂಮಿನ ಆ ಗದ್ದಲ, ಆ ಸುಸ್ತು ಅನುಭವಿಸಿದವರೇ ಬರೆದದ್ದು. ಇವರ ಜೊತೆ ರಿಚರ್ಡ್ ಪ್ರೈಸ್, ಜಾರ್ಜ್ ಪೆಲೆಕಾನೋಸ್, ಡೆನಿಸ್ ಲೆಹೇನ್ ತರಹದ ಕಾದಂಬರಿಕಾರರೂ ಕಂತುಗಳನ್ನು ಬರೆದರು.

ಬೇರೆ ಕ್ರೈಂ ಸೀರೀಸ್‌ಗೂ ಇದಕ್ಕೂ ಏನು ವ್ಯತ್ಯಾಸ?

ನಾವು ನೋಡಿ ಅಭ್ಯಾಸ ಆಗಿರುವ ಕ್ರೈಂ ಕಥೆಯಲ್ಲಿ ಮೊದಲ ಐದು ನಿಮಿಷಕ್ಕೆ ಹೆಣ, ಮಧ್ಯದಲ್ಲಿ ತಪ್ಪು ಮನುಷ್ಯನ ಮೇಲೆ ಅನುಮಾನ, ಕೊನೆಯ ಐದು ನಿಮಿಷಕ್ಕೆ ಕೈಗೆ ಕೋಳ. ಮುಂದಿನ ವಾರ ಹೊಸ ಹೆಣ. ಊರಿಗೆ ಏನೂ ಆಗಿರುವುದಿಲ್ಲ, ಒಬ್ಬ ಕೆಟ್ಟವನನ್ನು ತೆಗೆದರೆ ಎಲ್ಲ ಸರಿಹೋಯಿತು ಅನ್ನುವ ಸಮಾಧಾನ ಕೊಟ್ಟು ಕಳಿಸುತ್ತಾರೆ.

ಇಲ್ಲಿ ಯಾರು ಕೊಂದರು ಅನ್ನುವುದು ಎಷ್ಟೋ ಸಲ ನಮಗೆ ಮೊದಲೇ ಗೊತ್ತಿರುತ್ತದೆ. ಮೊದಲ ಸೀಸನ್‌ನಲ್ಲಿ ಫೋನ್ ಕದ್ದಾಲಿಕೆ ಶುರುವಾಗುವಷ್ಟರಲ್ಲಿ ಅರ್ಧ ಸೀಸನ್ ಹತ್ತಿರ ಹತ್ತಿರ ಮುಗಿದಿರುತ್ತದೆ. ಅಲ್ಲಿಯವರೆಗೆ ಏನು ನಡೆಯುತ್ತದೆ ಗೊತ್ತಾ? ಕೂರಲು ಜಾಗ ಹುಡುಕುವುದು, ಮೇಲಿನವರು ಬೇಡದವರನ್ನೆಲ್ಲ ಈ ತಂಡಕ್ಕೆ ತಳ್ಳುವುದು, ನೆಲಮಾಳಿಗೆಯಲ್ಲಿ ಮೇಜು ಎಳೆದಾಡುವುದು. ಮೊದಲ ಸಲ ನೋಡುವವರಿಗೆ ಇದು ಬೋರ್ ಅನ್ನಿಸುತ್ತದೆ. ನನ್ನ ವಿದ್ಯಾರ್ಥಿಗಳು ಮೂರನೇ ಕಂತಿನ ತನಕ ಹೀಗೇ ಹೇಳುತ್ತಾರೆ. ಆದರೆ ತನಿಖೆ ಯಾಕೆ ನಿಧಾನವಾಗುತ್ತದೆ ಅನ್ನುವುದೇ ಇಲ್ಲಿನ ಕಥೆ. ಗ್ರೀಕ್ ದುರಂತ ನಾಟಕದಲ್ಲಿ ದೇವತೆಗಳು ಮನುಷ್ಯರನ್ನು ಆಡಿಸುತ್ತಿದ್ದ ಜಾಗದಲ್ಲಿ ಇಲ್ಲಿ ಪೊಲೀಸ್ ಇಲಾಖೆ, ಶಾಲಾ ವ್ಯವಸ್ಥೆ, ಡ್ರಗ್ಸ್ ವ್ಯಾಪಾರ ನಿಂತಿವೆ ಅಂತ ಸೈಮನ್ ಎಷ್ಟೋ ಸಲ ಹೇಳಿದ್ದಾರೆ.

60 ಕಂತೂ ನೋಡಬೇಕಾ?

ಬೇಡ. ಒಮ್ಮೆ ಹಾಗೆ ಮಾಡಿಸಿದ್ದೆ. ವಾರಕ್ಕೆ 4 ಕಂತು, 15 ವಾರ, ಲೆಕ್ಕ ಸರಿಯಾಗೇ ಇತ್ತು. ಆರನೇ ವಾರಕ್ಕೆ ಅರ್ಧ ಕ್ಲಾಸ್ ಹಿಂದೆ ಬಿತ್ತು, ಹಿಂದೆ ಬಿದ್ದವರು ಚರ್ಚೆಯಲ್ಲಿ ಬಾಯಿ ಬಿಡಲಿಲ್ಲ. ತಪ್ಪು ನನ್ನದೇ, ಓದಲು ಕೊಟ್ಟಿದ್ದೂ ಜಾಸ್ತಿಯಾಗಿತ್ತು. ಈಗ ಸೀಸನ್ 1 ಮತ್ತು 4 ಪೂರ್ತಿ ನೋಡುತ್ತೇವೆ, ತಲಾ 13 ಕಂತು. ಉಳಿದ ಮೂರರಿಂದ ಒಟ್ಟು 8 ಕಂತು ಆರಿಸಿ ಕೊಡುತ್ತೇನೆ. ಒಟ್ಟು 34. ಮಿಕ್ಕಿದ್ದನ್ನು ರಜೆಯಲ್ಲಿ ನೀವೇ ನೋಡುತ್ತೀರಿ, ಇದುವರೆಗೆ ಬಹಳ ಜನ ನೋಡಿದ್ದಾರೆ.

1.5 ವೇಗದಲ್ಲಿ ಓಡಿಸಿಕೊಂಡು ನೋಡಬಹುದಾ?

ದಯವಿಟ್ಟು ಬೇಡ. ಈ ಸೀರೀಸ್‌ನಲ್ಲಿ ಹಿನ್ನೆಲೆ ಸಂಗೀತ ಇಲ್ಲವೇ ಇಲ್ಲ ಅನ್ನಬಹುದು. ಕಾರಿನ ರೇಡಿಯೊ, ಬಾರಿನಲ್ಲಿ ಹಾಕಿದ ಹಾಡು, ಪಕ್ಕದ ಕಿಟಕಿಯಿಂದ ಬರುವ ಸದ್ದು, ಇಷ್ಟೇ. ಸೀಸನ್ ಕೊನೆಯ ದೃಶ್ಯಮಾಲೆಗಳಲ್ಲಿ ಮಾತ್ರ ಹಾಡು ಹಾಕುತ್ತಾರೆ. ಈಗ ಅಳಬೇಕು, ಈಗ ಹೆದರಬೇಕು ಅಂತ ಪಿಟೀಲು ಬಂದು ಹೇಳುವುದಿಲ್ಲ. ಯಾರೂ ಮಾತಾಡದ ಎರಡು ಸೆಕೆಂಡ್ ಬಂದಾಗ ಆ ಎರಡು ಸೆಕೆಂಡೇ ಮುಖ್ಯ, ವೇಗ ಹೆಚ್ಚಿಸಿದರೆ ಮೊದಲು ಹೋಗುವುದು ಅದೇ.

ಅಂದ ಹಾಗೆ ಶುರುವಿನ ಹಾಡನ್ನು ಹಾರಿಸಬೇಡಿ. ಟಾಮ್ ವೇಟ್ಸ್ ಬರೆದ ಒಂದೇ ಹಾಡು, ಪ್ರತಿ ಸೀಸನ್‌ಗೂ ಬೇರೆ ಗಾಯಕರು. ಎರಡನೆಯದರಲ್ಲಿ ವೇಟ್ಸ್ ಅವರದೇ ದನಿ. ಶಾಲೆಯ ಸೀಸನ್‌ಗೆ ಬಾಲ್ಟಿಮೋರ್‌ನ ಹದಿಹರೆಯದ ಹುಡುಗರೇ ಹಾಡಿದ್ದಾರೆ.

ನನಗೆ ಇಂಗ್ಲಿಷ್ ಚೆನ್ನಾಗಿ ಬರುತ್ತೆ, ಆದ್ರೂ ಒಂದು ಮಾತೂ ಅರ್ಥ ಆಗ್ತಿಲ್ಲ. ನನ್ನದೇ ತೊಂದರೆನಾ?

ಅಲ್ಲ. ಅಮೆರಿಕದವರೇ ಸಬ್‌ಟೈಟಲ್ ಹಾಕಿಕೊಂಡು ನೋಡುತ್ತಾರೆ. ನೀವೂ ಹಾಕಿಕೊಳ್ಳಿ. ಬೀದಿಯವರ ಭಾಷೆ ಒಂದು, ಪೊಲೀಸರದ್ದು ಇನ್ನೊಂದು, ಬಂದರಿನವರದ್ದು ಮತ್ತೊಂದು, ಯಾರೂ ನಿಮಗೋಸ್ಕರ ನಿಂತು ಅರ್ಥ ಹೇಳುವುದಿಲ್ಲ. ‘ರೀ-ಅಪ್’ ಅಂದರೆ ಖಾಲಿಯಾದ ಸರಕಿನ ಜಾಗಕ್ಕೆ ಹೊಸ ಸರಕು ಬರುವುದು. ‘ಸ್ಟ್ಯಾಶ್’ ಅಂದರೆ ಸರಕು ಬಚ್ಚಿಡುವ ಜಾಗ. ‘ಹಾಪರ್’ ಅಂದರೆ ಬೀದಿ ಮೂಲೆಯಲ್ಲಿ ಕೆಲಸ ಮಾಡುವ ಚಿಕ್ಕ ಹುಡುಗ. ‘ಬರ್ನರ್’ ಅಂದರೆ ಸ್ವಲ್ಪ ದಿನ ಬಳಸಿ ಬಿಸಾಡುವ ಮೊಬೈಲ್. ‘ಕಾರ್ನರ್’ ಅಂದರೆ ಬರೀ ಬೀದಿ ಮೂಲೆಯಲ್ಲ, ಒಬ್ಬನ ವ್ಯಾಪಾರದ ಗಡಿ. ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಾ ಹೋಗಿ, ಐದನೇ ಕಂತಿಗೆ ಪುಸ್ತಕ ಬೇಕಾಗುವುದಿಲ್ಲ.

ಇನ್ನೊಂದು ವಿಷಯ. ಕರಿಯರನ್ನು ಹೀಗಳೆಯಲು ಬಳಸುತ್ತಿದ್ದ ಒಂದು ಪದ ಇಲ್ಲಿ ಮತ್ತೆ ಮತ್ತೆ ಬರುತ್ತದೆ, ಹೆಚ್ಚಾಗಿ ಕರಿಯ ಪಾತ್ರಗಳೇ ತಮ್ಮತಮ್ಮಲ್ಲಿ ಆಡುತ್ತಾರೆ. ಸಂಭಾಷಣೆ ಓದುವಾಗ ನಮ್ಮ ಕ್ಲಾಸ್‌ನಲ್ಲಿ ಆ ಪದವನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಆ ಪದದ ಚರಿತ್ರೆಗೆ ಒಂದು ಇಡೀ ತರಗತಿ ಮೀಸಲಿದೆ.

ಬೈಗುಳ ತುಂಬಾ ಇದೆಯಂತೆ. ಅದನ್ನ ಕ್ಲಾಸ್‌ನಲ್ಲಿ ಹಾಕೋ ಅಗತ್ಯ ಇದೆಯಾ?

ಇದೆ, ಇದಕ್ಕೆ ಒಂದು ದೃಶ್ಯ ತೋರಿಸಿಯೇ ಉತ್ತರ ಕೊಡುತ್ತೇನೆ. ಸೀಸನ್ 1, ಕಂತು 4. ಮಕ್‌ನಲ್ಟಿ ಮತ್ತು ಬಂಕ್ ಅನ್ನುವ ಇಬ್ಬರು ಪತ್ತೇದಾರರು ಒಂದು ಖಾಲಿ ಮನೆಯ ಅಡುಗೆಕೋಣೆಗೆ ಬರುತ್ತಾರೆ. ಹಿಂದೆ ಅಲ್ಲಿ ಒಬ್ಬ ಹುಡುಗಿಯ ಕೊಲೆಯಾಗಿದೆ. ಕೇಸು ಬೇರೆಯವರ ಕೈಯಲ್ಲಿ ಹಳಸಿದೆ. ಇವರಿಬ್ಬರೂ ಹೆಣದ ಫೋಟೋಗಳನ್ನು ನೆಲದ ಮೇಲೆ ಹರಡುತ್ತಾರೆ, ಟೇಪ್ ಹಿಡಿದು ಅಳೆಯುತ್ತಾರೆ, ಗುಂಡು ಎಲ್ಲಿಂದ ಬಂದಿರಬಹುದು ಅಂತ ಕೈ ಚಾಚಿ ನೋಡುತ್ತಾರೆ. ಸುಮಾರು ಐದು ನಿಮಿಷ. ಅಷ್ಟು ಹೊತ್ತೂ ಅವರ ಬಾಯಲ್ಲಿ ಬರುವುದು ಒಂದೇ ಬೈಗುಳ. ಅದನ್ನೇ ಎಳೆದು, ಮುರಿದು, ಪಿಸುಗುಟ್ಟಿ, ಒಮ್ಮೆ ಬೇಸರಕ್ಕೆ, ಒಮ್ಮೆ ಅನುಮಾನಕ್ಕೆ, ಒಮ್ಮೆ ‘ಅಯ್ಯೋ ಇದು ಹೀಗಾ’ ಅನ್ನುವ ಬೆರಗಿಗೆ ಬಳಸುತ್ತಾರೆ.

ನಾನು ಇದನ್ನು ಮೊದಲ ಸಲ ಸೌಂಡ್ ತೆಗೆದು ತೋರಿಸುತ್ತೇನೆ. ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಿರಿ ಅನ್ನುತ್ತೇನೆ. ಕಿಟಕಿ ಗಾಜಿನ ತೂತು, ಫ್ರಿಜ್ ಬಾಗಿಲು, ಹೊರಗೆ ಮಣ್ಣಿನಲ್ಲಿ ಹುಡುಕುವ ಕೈ. ಆಮೇಲೆ ಸೌಂಡ್ ಹಾಕಿ ಇನ್ನೊಮ್ಮೆ. ಆಗ ತಿಳಿಯುತ್ತದೆ, ಆ ಪದಕ್ಕೆ ಅಲ್ಲಿ ನಿಘಂಟಿನ ಅರ್ಥ ಉಳಿದೇ ಇಲ್ಲ. ವರ್ಷಗಟ್ಟಲೆ ಜೊತೆಯಲ್ಲಿ ಕೆಲಸ ಮಾಡಿದ ಇಬ್ಬರು ಮಾತಿಲ್ಲದೆ ಮಾತಾಡಿಕೊಳ್ಳುತ್ತಿದ್ದಾರೆ. ಇನ್ನೊಂದನ್ನೂ ಗಮನಿಸಿ. ಇವರು ಎಷ್ಟು ಚುರುಕು ಅಂತ ನಾವು ಮೆಚ್ಚುತ್ತಿರುವಾಗ ಆ ಹುಡುಗಿಯ ಫೋಟೋ ನೆಲದ ಮೇಲೇ ಇದೆ. ಅವಳ ಬಗ್ಗೆ ಒಂದು ಮಾತೂ ಇಲ್ಲ. ಮೆಚ್ಚುಗೆ, ಮುಜುಗರ ಎರಡೂ ಒಟ್ಟಿಗೆ ಬರಬೇಕು. ಒಂದು ಮಾತ್ರ ಬಂದರೆ ಇನ್ನೊಮ್ಮೆ ನೋಡಿ.

ಒಂದೇ ದೃಶ್ಯದ ಮೇಲೆ ಮೂರು ಪುಟ ಹೇಗೆ ಬರೆಯೋದು?

ಎಲ್ಲರೂ ಆರಿಸಿಕೊಳ್ಳುವ ದೃಶ್ಯವನ್ನೇ ತೆಗೆದುಕೊಳ್ಳೋಣ. ಸೀಸನ್ 1, ಕಂತು 3, ಚೆಸ್ ಪಾಠ. ಬೋಡಿ ಮತ್ತು ವಾಲೇಸ್ ಅನ್ನುವ ಹುಡುಗರು ಚೆಸ್ ಕಾಯಿಗಳನ್ನು ಇಟ್ಟುಕೊಂಡು ಚೆಕರ್ಸ್ (ಅದೇ ಮಣೆಯ ಮೇಲೆ ಆಡುವ ಇನ್ನೊಂದು ಸುಲಭದ ಆಟ) ಆಡುತ್ತಿರುತ್ತಾರೆ. ಅವರಿಗಿಂತ ಸ್ವಲ್ಪ ದೊಡ್ಡವನಾದ ಡಿಏಂಜೆಲೊ ಬಂದು ಚೆಸ್ ಹೇಳಿಕೊಡುತ್ತಾನೆ. ರಾಜ ಯಾರು, ರಾಣಿ ಏನು ಮಾಡುತ್ತಾಳೆ, ಆನೆ ಹೇಗೆ ಚಲಿಸುತ್ತದೆ ಅನ್ನುವುದನ್ನೆಲ್ಲ ತಮ್ಮ ವ್ಯಾಪಾರದ ಹೋಲಿಕೆಯಲ್ಲೇ ಹೇಳುತ್ತಾನೆ. ಪದಾತಿ ಆ ಕೊನೆ ಮುಟ್ಟಿದರೆ ಏನಾಗುತ್ತದೆ ಅಂತ ಬೋಡಿ ಪಟ್ಟು ಹಿಡಿದು ಕೇಳುತ್ತಾನೆ.

ಬಹಳಷ್ಟು ಪ್ರಬಂಧಗಳು ‘ಇಲ್ಲಿ ಚೆಸ್ ಒಂದು ರೂಪಕ’ ಅಂತ ಶುರುವಾಗಿ ಅಲ್ಲೇ ಮುಗಿಯುತ್ತವೆ. ರೂಪಕ ಅನ್ನುವುದನ್ನು ಡಿಏಂಜೆಲೊನೇ ಹೇಳಿಬಿಟ್ಟಿದ್ದಾನೆ, ನೀವು ಮತ್ತೆ ಹೇಳಬೇಕಾಗಿಲ್ಲ. ಕೂತ ಜಾಗದಿಂದ ಶುರು ಮಾಡಿ. ಅಂಗಳದ ಮಧ್ಯೆ, ವ್ಯಾಪಾರದ ಹೊತ್ತಿನಲ್ಲಿ. ಯಾರು ನಿಂತಿದ್ದಾರೆ, ಯಾರು ಕೂತಿದ್ದಾರೆ? ರಾಜ ಯಾವತ್ತೂ ರಾಜನೇ ಅನ್ನುವಾಗ ಡಿಏಂಜೆಲೊ ಎಲ್ಲಿ ನೋಡುತ್ತಾನೆ? ಪಾಠ ಮಾಡುತ್ತಿರುವವನೇ ಆ ಮಣೆಯ ಮೇಲೆ ಎಲ್ಲಿದ್ದಾನೆ? ಅವನು ದೊಡ್ಡ ಧಣಿಯ ಸೋದರಳಿಯ, ಆದರೂ ಕೆಳಗಿನ ಜಾಗಕ್ಕೆ ತಳ್ಳಿಸಿಕೊಂಡವನು. ಹೀಗೆ ಒಂದೊಂದೇ ಕೇಳುತ್ತಾ ಹೋದರೆ ಮೂರು ಪುಟ ಸಾಲುವುದಿಲ್ಲ.

ಫೋನ್ ಕದ್ದಾಲಿಕೆ ಕಾನೂನು ಓದಬೇಕಾ?

ಸ್ವಲ್ಪ. ಅಮೆರಿಕದಲ್ಲಿ ಇದಕ್ಕೆ ಕೇಂದ್ರದ ಕಾನೂನು ಬಂದದ್ದು 1968ರಲ್ಲಿ. ಬೇರೆ ದಾರಿಯಲ್ಲಿ ಪ್ರಯತ್ನಿಸಿ ಆಗಲಿಲ್ಲ, ಅಥವಾ ಆಗುವಂತಿಲ್ಲ ಅಂತ ಪೊಲೀಸರು ನ್ಯಾಯಾಧೀಶರಿಗೆ ಒಪ್ಪಿಸಬೇಕು. ಒಂದು ಆದೇಶ ಹೆಚ್ಚೆಂದರೆ 30 ದಿನ. ಕೇಸಿಗೆ ಸಂಬಂಧ ಇಲ್ಲದ ಮಾತು ಬಂದರೆ ಕೇಳುವುದನ್ನು ನಿಲ್ಲಿಸಬೇಕು. ಸೀರೀಸ್‌ನಲ್ಲಿ ಪೊಲೀಸರು ಬಿಸಿಲಲ್ಲಿ ತಾರಸಿ ಮೇಲೆ ಕಾದು ಕೂರುವುದು ಯಾಕೆ ಅಂತ ಈಗ ಹೊಳೆಯುತ್ತದೆ. ಅವರು ಕದ್ದು ಕೇಳುತ್ತಿರುವುದು ಸಾರ್ವಜನಿಕ ಫೋನ್, ಯಾರು ಬೇಕಾದರೂ ಬಳಸಬಹುದು. ಅನುಮಾನ ಇರುವವನೇ ರಿಸೀವರ್ ಎತ್ತಿದ ಅಂತ ಯಾರಾದರೂ ಕಣ್ಣಾರೆ ನೋಡಿ ಹೇಳಬೇಕು.

ಪೇಜರ್ ಅಂದರೆ ವಾಪಸ್ ಕರೆ ಮಾಡಬೇಕಾದ ನಂಬರ್ ತೋರಿಸುವ ಪುಟ್ಟ ಯಂತ್ರ. ಅದನ್ನು ನೋಡೇ ಇಲ್ಲದವರು ಗಾಬರಿಯಾಗಬೇಡಿ, ಹೇಳಿಕೊಡುತ್ತೇನೆ. ಸೀರೀಸ್‌ನಲ್ಲಿ ಡ್ರಗ್ಸ್ ಮಾರುವವರ ಪೇಜರ್‌ಗೆ ಬರುವ ನಂಬರ್ ಗುಟ್ಟಿನ ಭಾಷೆಯಲ್ಲಿ ಇರುತ್ತದೆ. ಎಲ್ಲರೂ ಕೆಲಸಕ್ಕೆ ಬಾರದವನು ಅಂದುಕೊಂಡಿದ್ದ ಪ್ರೆಜ್ ಅನ್ನುವ ಪೊಲೀಸ್ ಅದನ್ನು ಬಿಡಿಸುತ್ತಾನೆ. ಫೋನಿನ ಗುಂಡಿಗಳನ್ನು ಕಣ್ಣ ಮುಂದೆ ತಂದುಕೊಳ್ಳಿ. ನಡುವಿನ 5ನ್ನು ಹಾರಿ ಆಚೆ ಕಡೆಗೆ ಹೋದರೆ 1 ಇದ್ದದ್ದು 9, 2 ಇದ್ದದ್ದು 8, 3 ಇದ್ದದ್ದು 7, 4 ಇದ್ದದ್ದು 6. ಉಳಿದ 5 ಮತ್ತು 0 ಅದಲು ಬದಲು. ಇಷ್ಟೇ! ಲೆಕ್ಕ ಬರದ ಹುಡುಗನೂ ಬೀದಿಯಲ್ಲಿ ನಿಂತು ಬೆರಳಲ್ಲೇ ಮಾಡಬಹುದಾದ ಗುಟ್ಟು. ಎರಡನೇ ವಾರ ಇದೇ ರೀತಿ ಒಂದು ನಂಬರ್ ಕೊಟ್ಟು ನಿಮ್ಮ ಕೈಯಲ್ಲೇ ಬಿಡಿಸಿಸುತ್ತೇನೆ.

ನೀವು ಯಾವಾಗಲೂ ‘ಅಂಕಿ, ಅಂಕಿ’ ಅಂತೀರಂತೆ. ಏನದು?

ಈ ಪೇಪರ್‌ನಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ ಇದು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

1994ರಲ್ಲಿ ನ್ಯೂಯಾರ್ಕ್ ಪೊಲೀಸರು ಕಾಂಪ್‌ಸ್ಟಾಟ್ ಅನ್ನುವ ಪದ್ಧತಿ ತಂದರು. ಯಾವ ಏರಿಯಾದಲ್ಲಿ ಎಷ್ಟು ಅಪರಾಧ ಅಂತ ಲೆಕ್ಕ ಇಟ್ಟು, ಅಲ್ಲಿನ ಅಧಿಕಾರಿಯನ್ನು ಎಲ್ಲರ ಮುಂದೆ ನಿಲ್ಲಿಸಿ ಯಾಕೆ ಇಳಿದಿಲ್ಲ ಅಂತ ಕೇಳುವುದು. ಬೇರೆ ಊರುಗಳೂ ಕಲಿತವು, ಬಾಲ್ಟಿಮೋರ್ ಕೂಡ. ಲೆಕ್ಕ ಕೇಳುವುದು ತಪ್ಪಲ್ಲ. ಆದರೆ ಅಪರಾಧ ಇಳಿಸುವುದಕ್ಕಿಂತ ಅಂಕಿ ಇಳಿಸುವುದು ಸುಲಭ ಅಂತ ಕೆಳಗಿನವರಿಗೆ ಬೇಗ ತಿಳಿಯುತ್ತದೆ. ದರೋಡೆಯನ್ನು ಸಣ್ಣ ಕಳ್ಳತನ ಅಂತ ಬರೆದರಾಯಿತು. ಮೂಲೆಯಲ್ಲಿ ನಿಂತ ನಾಲ್ಕು ಹುಡುಗರನ್ನು ಎಳೆದುಕೊಂಡು ಬಂದರೆ ಬಂಧನದ ಲೆಕ್ಕ ಏರುತ್ತದೆ. ಹೀಗೆ ತಿದ್ದುವುದಕ್ಕೆ ಸೀರೀಸ್‌ನಲ್ಲಿ ಒಂದು ಮಾತೇ ಇದೆ, ‘ಜ್ಯೂಕಿಂಗ್ ದ ಸ್ಟಾಟ್ಸ್’. ಒಂದು ಅಳತೆಯ ಮೇಲೆ ಜನರ ಭವಿಷ್ಯ ನಿಂತಷ್ಟೂ ಆ ಅಳತೆ ಕೆಡುತ್ತದೆ ಅಂತ ಅಮೆರಿಕದ ಸಮಾಜ ವಿಜ್ಞಾನಿ ಡೊನಾಲ್ಡ್ ಕ್ಯಾಂಪ್‌ಬೆಲ್ 1970ರ ದಶಕದಲ್ಲೇ ಬರೆದಿದ್ದರು. ಅವರ ಲೇಖನ ಓದಲು ಕೊಡುತ್ತೇನೆ.

ಎರಡನೇ ಸೀಸನ್ ಶುರುವಿನಲ್ಲಿ ನೀರಿನಲ್ಲಿ ಒಬ್ಬಳ ಹೆಣ ತೇಲಿ ಬರುತ್ತದೆ. ನಗರ ಪೊಲೀಸರ ಅಧಿಕಾರಿ ಅದನ್ನು ಪಕ್ಕದ ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) ಪೊಲೀಸರ ತಲೆಗೆ ಕಟ್ಟುತ್ತಾನೆ. ಕೊಲೆ ಪತ್ತೆಯಾಗದೆ ಉಳಿದರೆ ಯಾರ ಲೆಕ್ಕ ಕೆಡಬೇಕು ಅನ್ನುವುದೇ ಅವನ ಚಿಂತೆ. ಅವನ ಮೇಲೆ ಸಿಟ್ಟಿದ್ದ ಮಕ್‌ನಲ್ಟಿ ಅಲೆ, ಗಾಳಿಯ ಲೆಕ್ಕ ಹಾಕಿ, ಇವಳು ಸತ್ತದ್ದು ನಗರದ ನೀರಿನಲ್ಲೇ ಅಂತ ಸಾಬೀತು ಮಾಡಿ ಕೌಂಟಿಗೆ ಫ್ಯಾಕ್ಸ್ ಕಳಿಸುತ್ತಾನೆ. ಹೆಣ ವಾಪಸ್ ಬರುತ್ತದೆ. ಕ್ಲಾಸ್‌ನಲ್ಲಿ ಇಲ್ಲಿ ಎಲ್ಲರೂ ನಗುತ್ತಾರೆ. ನಕ್ಕ ಮೇಲೆ ಕೇಳುತ್ತೇನೆ, ಈ ಇಡೀ ಜಗಳದಲ್ಲಿ ಸತ್ತವಳ ಹೆಸರು ಎಷ್ಟು ಸಲ ಬಂತು?

ನಾಲ್ಕನೇ ಸೀಸನ್‌ಗೆ ಬನ್ನಿ. ಅದೇ ಪ್ರೆಜ್ ಪೊಲೀಸ್ ಕೆಲಸ ಬಿಟ್ಟು ಗಣಿತದ ಮೇಷ್ಟ್ರಾಗಿದ್ದಾನೆ. ದಾಳ ಉರುಳಿಸಿ ಸಂಭವನೀಯತೆ ಹೇಳಿಕೊಡುತ್ತಾನೆ, ಹುಡುಗರು ನಿಜವಾಗಿ ಕಲಿಯುತ್ತಾರೆ. ಅಷ್ಟರಲ್ಲಿ ಮೇಲಿನಿಂದ ಆದೇಶ: ಪರೀಕ್ಷೆಗೆ ಬರುವುದನ್ನು ಮಾತ್ರ ಮಾಡಿ. 2002ರ ಜನವರಿಯಲ್ಲಿ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾನೂನು ಬಂದಿತ್ತು. 3ರಿಂದ 8ನೇ ತರಗತಿಯವರೆಗೆ ಪ್ರತಿ ವರ್ಷ ಓದು ಮತ್ತು ಗಣಿತದ ಪರೀಕ್ಷೆ ಕಡ್ಡಾಯವಾಗಿತ್ತು, ಅಂಕ ಬರದಿದ್ದರೆ ಶಾಲೆಗೇ ಕುತ್ತು ಬರುತ್ತಿತ್ತು. ಮೀಟಿಂಗ್‌ನಲ್ಲಿ ಕೂತ ಪ್ರೆಜ್‌ಗೆ ಥಟ್ಟನೆ ಹೊಳೆಯುತ್ತದೆ, ಇದನ್ನು ನಾನು ಪೊಲೀಸ್ ಸ್ಟೇಷನ್‌ನಲ್ಲೂ ನೋಡಿದ್ದೆ ಅಂತ. ಇಲಾಖೆ ಬೇರೆ, ಆಟ ಅದೇ. ಮಕ್ಕಳು ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಹಾಜರಾತಿಗಾಗಿ ಕ್ಲಾಸಿಗೆ ಬಂದು ಕೂತ ನೀವು, ಹಾಜರಾತಿ ಲೆಕ್ಕ ಬರೆಯುವ ನಾನು, ಇಬ್ಬರೂ ಈ ವಾರ ಬಾಯಿ ಬಿಟ್ಟು ಮಾತಾಡಬೇಕು. ಇಡೀ ಸೆಮಿಸ್ಟರ್‌ನಲ್ಲಿ ನನಗೆ ಅತಿ ಇಷ್ಟವಾದ ಚರ್ಚೆ ಇದು.

ಇದರಲ್ಲಿ ನಿಜ ಎಷ್ಟು, ಕಲ್ಪನೆ ಎಷ್ಟು?

ಪಾತ್ರಗಳು ಕಲ್ಪನೆ, ಹಿಂದಿನ ಅನುಭವ ನಿಜ. ಬಾಲ್ಟಿಮೋರ್‌ನ ದೊಡ್ಡ ಡ್ರಗ್ಸ್ ವ್ಯಾಪಾರಿ ಮೆಲ್ವಿನ್ ವಿಲಿಯಮ್ಸ್ 1980ರ ದಶಕದಲ್ಲಿ ಸಿಕ್ಕಿಬಿದ್ದದ್ದು ಎಡ್ ಬರ್ನ್ಸ್ ಇದ್ದ ತನಿಖೆಯಲ್ಲಿ, ಫೋನ್ ಕದ್ದಾಲಿಕೆಯ ಮೂಲಕ. ಶಿಕ್ಷೆ ಮುಗಿಸಿ ಬಂದ ಅದೇ ವಿಲಿಯಮ್ಸ್ ಈ ಸೀರೀಸ್‌ನಲ್ಲಿ ಚರ್ಚಿನ ಹಿರಿಯನ ಪಾತ್ರ ಮಾಡಿದರು. ಹಿಡಿದವನು ಬರೆದ ಮಾತನ್ನು ಸಿಕ್ಕಿಬಿದ್ದವನು ಆಡುತ್ತಾನೆ, ಯೋಚನೆ ಮಾಡಿ. ಕರ್ಟ್ ಶ್ಮೋಕ್ 1987ರಿಂದ 1999ರವರೆಗೆ ಮೇಯರ್. ಡ್ರಗ್ಸ್ ಸಮಸ್ಯೆಯನ್ನು ಆರೋಗ್ಯದ ಸಮಸ್ಯೆಯಾಗಿ ನೋಡಿ ಅಂತ 1988ರಲ್ಲೇ ಹೇಳಿ ಬೈಸಿಕೊಂಡವರು. ಮೂರನೇ ಸೀಸನ್‌ನಲ್ಲಿ ಒಬ್ಬ ಪೊಲೀಸ್ ಅಧಿಕಾರಿ ಯಾರಿಗೂ ಹೇಳದೆ ಡ್ರಗ್ಸ್ ಮಾರಲು ಜಾಗ ಬಿಟ್ಟುಕೊಡುತ್ತಾನೆ. ಆ ಕಥೆಯಲ್ಲಿ ಶ್ಮೋಕ್ ಅವರೇ ಆರೋಗ್ಯ ಅಧಿಕಾರಿಯಾಗಿ ಬಂದು ಹೋಗುತ್ತಾರೆ.

ಊರಿನ ಕಥೆಯೂ ನಿಜ. 1950ರಲ್ಲಿ ಸುಮಾರು 9.5 ಲಕ್ಷ ಜನ ಇದ್ದ ಬಾಲ್ಟಿಮೋರ್‌ನಲ್ಲಿ 2000ದ ಹೊತ್ತಿಗೆ ಉಳಿದವರು 6.5 ಲಕ್ಷ. ಊರಿನ ಅಂಚಿನ ಸ್ಪ್ಯಾರೋಸ್ ಪಾಯಿಂಟ್‌ನಲ್ಲಿ ಸಾವಿರಾರು ಜನರಿಗೆ ಕೆಲಸ ಕೊಟ್ಟಿದ್ದ ಉಕ್ಕಿನ ಕಾರ್ಖಾನೆಯ ಕಂಪನಿ 2001ರಲ್ಲಿ ದಿವಾಳಿ ಅರ್ಜಿ ಹಾಕಿತು. ಸೀರೀಸ್‌ನಲ್ಲಿ ಬಾಗಿಲಿಗೆ ಹಲಗೆ ಹೊಡೆದ ಖಾಲಿ ಮನೆಗಳ ಸಾಲು ಕಾಣುತ್ತದಲ್ಲ, ಅದು ಸೆಟ್ ಅಲ್ಲ.

ಅಪರಾಧಿಗಳನ್ನ ಹೀರೋ ಮಾಡ್ತಾರೆ ಅಂತ ಮನೆಯಲ್ಲಿ ಬೈತಿದ್ದಾರೆ.

ಮನೆಯವರ ಜೊತೆ ಕೂತು ನಾಲ್ಕನೇ ಸೀಸನ್‌ನ ಮೂರನೇ ಕಂತು ನೋಡಿ. ತರಗತಿಯಲ್ಲಿ ಒಬ್ಬ ಹುಡುಗಿ ಇನ್ನೊಬ್ಬಳ ಮುಖಕ್ಕೆ ಬ್ಲೇಡ್ ಹಾಕುತ್ತಾಳೆ. ಗಲಾಟೆ, ಕಿರುಚಾಟ. ಗಾಯ ಮಾಡಿದವಳು ಕಣ್ಣು ಎಲ್ಲೋ ನೆಟ್ಟುಕೊಂಡು ನೆಲದ ಮೇಲೆ ಕುಸಿದು ಕೂತಿದ್ದಾಳೆ. ಎಲ್ಲರೂ ದೂರ. ಡೂಕಿ ಅನ್ನುವ ಹುಡುಗ, ಬಟ್ಟೆ ವಾಸನೆ ಅಂತ ದಿನಾ ಗೇಲಿ ಮಾಡಿಸಿಕೊಳ್ಳುವವನು, ಹೋಗಿ ಅವಳ ಎದುರು ಕೂರುತ್ತಾನೆ. ಕೈಯಲ್ಲಿದ್ದ ಪುಟ್ಟ ಬ್ಯಾಟರಿ ಫ್ಯಾನ್ ಹಿಡಿದು ಅವಳ ಮುಖಕ್ಕೆ ಗಾಳಿ ಬಿಡುತ್ತಾನೆ. ಒಂದು ಮಾತಿಲ್ಲ.

ಅಲ್ಲಿ ಯಾರನ್ನೂ ಹೀರೋ ಮಾಡಿಲ್ಲ. ಆ ಮಗು ಮಾಡಿದ್ದು ಸರಿ ಅಂತಲೂ ಹೇಳಿಲ್ಲ. ಎಷ್ಟು ಸಲ ನೋಡಿದರೂ ನನಗೆ ಗಂಟಲು ಕಟ್ಟುತ್ತದೆ.

ಎಲ್ಲರೂ ಹೊಗಳ್ತಾರೆ. ತಪ್ಪುಗಳೇ ಇಲ್ವಾ?

ಇವೆ. ಅವುಗಳ ಮೇಲೆ ಬರೆದ ಪ್ರಬಂಧ ನನಗೆ ಹೆಚ್ಚು ಇಷ್ಟ. ಬೀದಿಯ ಬದುಕನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ಎಲೈಜಾ ಆಂಡರ್ಸನ್, ಆ ಬಡಾವಣೆಗಳಲ್ಲಿ ಮರ್ಯಾದೆಯಿಂದ ದುಡಿದು ಬದುಕುವ ಜನ ಈ ಸೀರೀಸ್‌ನಲ್ಲಿ ಕಾಣುವುದಿಲ್ಲ ಅಂತ ಆಕ್ಷೇಪಿಸಿದ್ದರು. ನ್ಯಾಯವಾದ ಮಾತು. ಹೆಂಗಸರ ಪಾತ್ರಗಳಿಗೆ ಸಿಕ್ಕ ಜಾಗ ಕಡಿಮೆ. ಐದನೇ ಸೀಸನ್‌ನ ಮುಖ್ಯ ಕಥೆ ನಂಬಲು ಕಷ್ಟ, ನನ್ನ ಅಭಿಪ್ರಾಯವೂ ಅದೇ.

ಇನ್ನೂ ದೊಡ್ಡ ಪ್ರಶ್ನೆ ಪೊಲೀಸರದ್ದು. ಇಲ್ಲಿನ ಪೊಲೀಸರು ಹೊಡೆಯುತ್ತಾರೆ, ಸುಳ್ಳು ಬರೆಯುತ್ತಾರೆ, ಆದರೂ ನಾವು ಅವರ ಜೊತೆಗೇ ಕೂತು ನಗುತ್ತೇವೆ. 2015ರಲ್ಲಿ ಬಾಲ್ಟಿಮೋರ್‌ನಲ್ಲಿ ಪೊಲೀಸ್ ವಶದಲ್ಲಿ ಪೆಟ್ಟಾಗಿ ಫ್ರೆಡ್ಡಿ ಗ್ರೇ ಅನ್ನುವ ಕರಿಯ ಯುವಕ ಸತ್ತ, ಊರು ಹೊತ್ತಿ ಉರಿಯಿತು. 2016ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಬಾಲ್ಟಿಮೋರ್ ಪೊಲೀಸರ ಬಗ್ಗೆ ಕಟುವಾದ ವರದಿ ಕೊಟ್ಟಿತು. 2017ರಲ್ಲಿ ಬಂದೂಕು ಪತ್ತೆ ದಳದ ಪೊಲೀಸರೇ ಜನರನ್ನು ದೋಚಿದ ಆರೋಪದಲ್ಲಿ ಬಂಧನಕ್ಕೆ ಒಳಗಾದರು. ಸೈಮನ್ 2022ರಲ್ಲಿ ಆ ದಳದ ಮೇಲೆಯೇ ಇನ್ನೊಂದು ಸೀರೀಸ್ ಮಾಡಿದರು. ಹಾಗಾದರೆ ‘ದಿ ವೈರ್’ ಇದನ್ನೆಲ್ಲ ಮೊದಲೇ ಕಂಡಿತ್ತಾ, ಅಥವಾ ಪೊಲೀಸರ ವಿಷಯದಲ್ಲಿ ಮೆತ್ತಗಾಯಿತಾ? ನ್ಯಾಯ ಇಲಾಖೆಯ ವರದಿಯ ಕೆಲವು ಪುಟಗಳನ್ನು ಪಕ್ಕಕ್ಕೆ ಇಟ್ಟುಕೊಂಡೇ ಇದನ್ನು ಚರ್ಚಿಸುತ್ತೇವೆ.

ಅಂದ ಹಾಗೆ ಅಮೆರಿಕದಲ್ಲಿ ಟಿವಿಗೆ ಕೊಡುವ ದೊಡ್ಡ ಪ್ರಶಸ್ತಿ ಎಮ್ಮಿ ಇದಕ್ಕೆ ಒಂದೂ ಬರಲಿಲ್ಲ. ಎರಡು ಸಲ ಬರವಣಿಗೆಗೆ ನಾಮನಿರ್ದೇಶನ ಆಗಿತ್ತು, ಅಷ್ಟೇ.

ಹಿಂಸೆ ನೋಡೋಕೆ ನನ್ನಿಂದ ಆಗಲ್ಲ. ಮಾರ್ಕ್ಸ್ ಹೋಗುತ್ತಾ?

ಇಲ್ಲ. ಯಾವ ಕಂತಿನಲ್ಲಿ ಏನಿದೆ ಅಂತ ಮೊದಲೇ ತಿಳಿಸುತ್ತೇನೆ. ಎದ್ದು ಹೊರಗೆ ಹೋದರೆ ಕಾರಣ ಕೇಳುವುದಿಲ್ಲ, ಆ ಭಾಗಕ್ಕೆ ಬೇರೆ ಕೆಲಸ ಕೊಡುತ್ತೇನೆ. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇಂಥದ್ದು ನಡೆದಿದ್ದರೆ ಕ್ಲಾಸ್‌ನಲ್ಲಿ ಹೇಳಿಕೊಳ್ಳಲೇಬೇಕು ಅಂತ ಇಲ್ಲ.

ಚೌಕ ಪರದೆದೋ, ಅಗಲ ಪರದೆದೋ? ಎರಡು ಥರ ಸಿಗ್ತಿದೆ.

ಮೂಲದಲ್ಲಿ ಬಂದದ್ದು ಹಳೇ ಟಿವಿಯ 4:3 ಅಳತೆಯಲ್ಲಿ. 2014ರ ಕೊನೆಗೆ ಅಗಲ ಪರದೆಯ ಎಚ್‌ಡಿ ಬಂತು. ಯಾವುದಾದರೂ ನಡೆಯುತ್ತದೆ. ಆದರೆ ಚೌಕಟ್ಟಿನ ಬಗ್ಗೆ ಬರೆಯುವವರು ಯಾವುದನ್ನು ನೋಡಿದ್ದೀರಿ ಅಂತ ಪ್ರಬಂಧದಲ್ಲಿ ಹೇಳಿ, ಯಾಕೆಂದರೆ ಹಳೆಯದರಲ್ಲಿ ಕಾಣದ ಮನುಷ್ಯ ಹೊಸದರಲ್ಲಿ ಅಂಚಿನಲ್ಲಿ ನಿಂತಿರಬಹುದು.

ನೆಟ್‌ನಲ್ಲಿ ಸಾರಾಂಶ ಓದ್ಕೊಂಡು ಬಂದ್ರೆ ಸಾಲಲ್ವಾ?

ಡೂಕಿಯ ಫ್ಯಾನ್ ಯಾವ ಸಾರಾಂಶದಲ್ಲೂ ಇರುವುದಿಲ್ಲ. ಇದ್ದರೂ ಅರ್ಧ ಸಾಲು. ನನ್ನ ಪ್ರಶ್ನೆಗಳೆಲ್ಲ ಅಂಥವುಗಳ ಮೇಲೇ ಇರುತ್ತವೆ.

ಮೊದಲ ಕ್ಲಾಸ್‌ಗೆ ಮುಂಚೆ ಏನು ಮಾಡಿರಬೇಕು?

ಮೊದಲ ಕಂತಿನ ಮೊದಲ ದೃಶ್ಯ ಮಾತ್ರ ನೋಡಿ, ಎರಡು ಸಲ. ರಾತ್ರಿ, ರಸ್ತೆಯಲ್ಲಿ ಒಂದು ಹೆಣ, ಮಿನುಗುವ ದೀಪಗಳು. ಮಕ್‌ನಲ್ಟಿ ಒಬ್ಬ ಸಾಕ್ಷಿಯ ಪಕ್ಕ ಮೆಟ್ಟಿಲ ಮೇಲೆ ಕೂತು ಮಾತಾಡುತ್ತಿದ್ದಾನೆ. ಸತ್ತವನು ಪ್ರತಿ ಶುಕ್ರವಾರ ದಾಳದ ಆಟಕ್ಕೆ ಬರುತ್ತಿದ್ದ. ಹಣ ರಾಶಿ ಬಿದ್ದಾಗ ಬಾಚಿಕೊಂಡು ಓಡುತ್ತಿದ್ದ. ಜೊತೆಗೆ ಆಡುತ್ತಿದ್ದವರು ಅಟ್ಟಿಸಿಕೊಂಡು ಹೋಗಿ ಹಿಡಿದು ಹೊಡೆಯುತ್ತಿದ್ದರು. ಮುಂದಿನ ವಾರ ಮತ್ತೆ ಆಟಕ್ಕೆ ಸೇರಿಸಿಕೊಳ್ಳುತ್ತಿದ್ದರು. ಯಾವಾಗಲೂ ಕದಿಯುವವನನ್ನು ಯಾಕೆ ಸೇರಿಸಿಕೊಳ್ಳುತ್ತಿದ್ದಿರಿ ಅಂತ ಮಕ್‌ನಲ್ಟಿ ಕೇಳುತ್ತಾನೆ.

ಅದಕ್ಕೆ ಆ ಸಾಕ್ಷಿ ಹುಡುಗ ಕೊಡುವ ಉತ್ತರವನ್ನು ಅವನ ಮಾತಿನಲ್ಲೇ ಬರೆದುಕೊಂಡು ಬನ್ನಿ. ಕೆಳಗೆ, ಆ ಉತ್ತರ ನಿಮಗೆ ಸರಿ ಅನ್ನಿಸಿತಾ ಇಲ್ಲವಾ ಅಂತ ಐದು ಸಾಲು. ಮೊದಲ ದಿನ ಆ ಹಾಳೆಗಳನ್ನು ಓದಿಕೊಂಡೇ ಶುರು ಮಾಡುತ್ತೇವೆ.